ಸ್ವಿಚ್ ಅಂದ್ರೆ ಸ್ವಿಚ್ಚೇ ಅನ್ನೋ ಫಾರ್ವರ್ಡ್ ಬಂದಾಗ ಮನೆ ಗ್ರೂಪಲ್ಲಿ

ಮಾವ (ಫಾರ್ವರ್ಡ್): "ಆಫೀಸಿನ ನೆಟ್‌ವರ್ಕ್ ಕೇಬಲ್ಲೆಲ್ಲ ಸೇರೋ ಡಬ್ಬನೇ ಸ್ವಿಚ್; ಅದ್ರಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ ಮಾಡೋ ಮ್ಯಾನೇಜ್ಡ್ ಸ್ವಿಚ್ ಅನ್ನೋದು ಬರೀ ಮಾರಾಟದ ಟ್ರಿಕ್. ಎರಡರಲ್ಲೂ ಸ್ಪೀಡ್ ಅಷ್ಟೇ. ಸಣ್ಣ ಆಫೀಸಿಗೆ ಸಾದಾ ಸ್ವಿಚ್ಚೇ ಸಾಕು."

ಮಾವ: ನೋಡ್ರಪ್ಪಾ, ಹೊಸ ಆಫೀಸಿಗೆ ನಾನೂ ಇದನ್ನೇ ಹೇಳ್ತಿದ್ದೆ. 40 ಜನಕ್ಕೆ ಅದೆಲ್ಲ ಯಾಕೆ

ನಾನು: ಮಾವ ಸ್ಪೀಡ್ ಅಷ್ಟೇ ಅನ್ನೋದು ನಿಜ, ಗಿಗಾಬಿಟ್ ಪೋರ್ಟ್ ಎರಡರಲ್ಲೂ ಗಿಗಾಬಿಟ್ಟೇ. ದುಡ್ಡು ಕೊಡೋದು ಸ್ಪೀಡಿಗಲ್ಲ, ಒಳಗೆ ಏನ್ ನಡೀತಿದೆ ಅಂತ ಕಾಣ್ಬೇಕಲ್ಲ ಅದಕ್ಕೆ

ಭಾವ: ಕಾಣಿಸಿ ಏನ್ ಮಾಡೋದು, ನೆಟ್ ಬರ್ತಿದ್ರೆ ಸಾಕಲ್ವಾ

ನಾನು: ಬರದೇ ಇದ್ದ ದಿನ ಹೇಳಿ ಭಾವ. ನಾನು ಮೊದಲು ಕೆಲಸಕ್ಕಿದ್ದ ಕಡೆ ಯಾರೋ ನೆಲದ ಮೇಲೆ ಬಿದ್ದಿದ್ದ ಕೇಬಲ್ ತುದಿ ನೋಡಿ ಗೋಡೆ ಸಾಕೆಟ್ಟಿಗೆ ಚುಚ್ಚಿಬಿಟ್ರು, ಇನ್ನೊಂದ್ ತುದಿ ಆಗ್ಲೇ ಪಕ್ಕದ ಸಾಕೆಟ್ಟಲ್ಲಿತ್ತು. ಲೂಪ್ ಆಯ್ತು, ಅಂದ್ರೆ ಡೇಟಾ ಸುತ್ತಿ ಸುತ್ತಿ ಅಲ್ಲಿಗೇ ಬರೋ ಹಾಗೆ. ಐಪಿ ಪ್ಯಾಕೆಟ್ಟಿಗಿರೋ ಹಾಗೆ ಈಥರ್ನೆಟ್ ಫ್ರೇಮಿಗೆ (ಕೇಬಲ್ಲಲ್ಲಿ ಹೋಗೋ ಡೇಟಾ ತುಂಡು) ಟಿಟಿಎಲ್, ಅಂದ್ರೆ ಇಷ್ಟು ದಾಟಿದ್ಮೇಲೆ ಬಿಸಾಕು ಅನ್ನೋ ಎಣಿಕೆ, ಇಲ್ಲ; ಎಲ್ಲರಿಗೂ ಹೋಗೋ ಒಂದು ಬ್ರಾಡ್‌ಕಾಸ್ಟ್ ಹೊರಟ್ರೆ ಸುತ್ತುತ್ತಾನೇ ಇರತ್ತೆ. ಸ್ವಿಚ್ ಲೈಟೆಲ್ಲ ಒಟ್ಟಿಗೆ ಪಟಪಟ ಅಂತಿತ್ತು, ಫೋನು ಪ್ರಿಂಟರು ಬಿಲ್ಲಿಂಗು ಎಲ್ಲ ನಿಂತು ಮಧ್ಯಾಹ್ನ ಪೂರ್ತಿ ಒಂದೊಂದೇ ಕೇಬಲ್ ಕಿತ್ತು ಹುಡುಕಿದ್ವಿ. ಲೂಪ್ ಕಂಡುಹಿಡಿಯೋ ಸ್ಪ್ಯಾನಿಂಗ್ ಟ್ರೀ ಅನ್ನೋದು ಮ್ಯಾನೇಜ್ಡ್ ಸ್ವಿಚ್ಚಲ್ಲಿರತ್ತೆ, ಅದು ಆನ್ ಇದ್ದಿದ್ರೆ ಸ್ವಿಚ್ಚೇ ಆ ಪೋರ್ಟನ್ನ ಬ್ಲಾಕ್ ಮಾಡಿರೋದು. ಹೊಸದೇನೂ ಅಲ್ಲ, ಕಂಪ್ಯೂಟರ್ ವಿಜ್ಞಾನಿ ರಾಡಿಯಾ ಪರ್ಲ್‌ಮನ್ 1985ರಲ್ಲೇ ಮಾಡಿದ್ದು

ಅಕ್ಕ: ನಮ್ಮಲ್ಲಿ ಮ್ಯಾನೇಜ್ಡೇ ಇದೆ ಕಣೋ, ತಂದು ಪ್ಲಗ್ ಹಾಕಿದ್ದು ಬಿಟ್ರೆ ಯಾರೂ ಲಾಗಿನ್ನೇ ಆಗಿಲ್ಲ. ಪಾಸ್‌ವರ್ಡ್ ಇನ್ನೂ ಡಬ್ಬದ ಜೊತೆ ಬಂದಿದ್ದೇ. ಏನ್ ಉಪಯೋಗ ಆಯ್ತು

ನಾನು: ಉಪಯೋಗ ಬಿಡು ಅಕ್ಕ, ಅದು ಅಪಾಯ! ಆಫೀಸ್ ನೆಟ್‌ವರ್ಕಿಗೆ ಬಂದೋರು ಯಾರ್ ಬೇಕಾದ್ರೂ ಸೆಟ್ಟಿಂಗ್ ತಿರುಚ್ಬೋದು, ಇವತ್ತೇ ಬದಲಾಯಿಸ್ಸು. ನೋಡ್ಕೊಳ್ಳೋರೇ ಇಲ್ಲ ಅಂದ್ರೆ ಮಾವ ಕಳ್ಸಿದ್ದು ಸರಿ, ಒಪ್ತೀನಿ

ಮಾವ: ಒಪ್ಕೊಂಡಲ್ಲಪ್ಪ!

ನಾನು: ಪೂರ್ತಿ ಕೇಳಿ ಮಾವ. ಗೆಸ್ಟ್ ವೈಫೈ, ಸಿಸಿ ಕ್ಯಾಮೆರಾ, ಅಕೌಂಟ್ಸ್ ಕಂಪ್ಯೂಟರು, ಸಾದಾ ಸ್ವಿಚ್ಚಲ್ಲಿ ಮೂರೂ ಒಂದೇ ಹಜಾರದಲ್ಲಿ ಕೂತಂಗೆ. ವಿಲ್ಯಾನ್ (ಒಂದೇ ಸ್ವಿಚ್ಚನ್ನ ಬೇರೆ ಬೇರೆ ನೆಟ್‌ವರ್ಕಾಗಿ ಭಾಗ ಮಾಡೋದು) ಹಾಕಿದ್ರೆ ಅದೇ ಡಬ್ಬದಲ್ಲಿ ಬೇರೆ ಬೇರೆ ಕೋಣೆ, ರೌಟರಲ್ಲಿ ನೀವು ಬಾಗಿಲು ತೆಗೆದಷ್ಟೇ ಓಡಾಟ. ಬಂದೋರ ಮೊಬೈಲಿಗೆ ಅಕೌಂಟ್ಸ್ ಮಷಿನ್ ಯಾಕೆ ಕಾಣ್ಬೇಕು ಹೇಳಿ

ಭಾವ: ಕ್ಯಾಮೆರಾಗೆ ಪಿಒಇ (ನೆಟ್‌ವರ್ಕ್ ಕೇಬಲ್ಲಲ್ಲೇ ಕರೆಂಟ್ ಕೊಡೋದು) ಸಾದಾದ್ರಲ್ಲೂ ಬರತ್ತೆ

ನಾನು: ಬರತ್ತೆ ಭಾವ. ಆದ್ರೆ ಕ್ಯಾಮೆರಾ ಹ್ಯಾಂಗ್ ಆದಾಗ ಏಣಿ ಹತ್ತದೆ ಕೂತಲ್ಲೇ ಆ ಪೋರ್ಟ್ ಪವರ್ ಆಫ್ ಆನ್ ಮಾಡೋಕೆ ಮ್ಯಾನೇಜ್ಡ್ ಬೇಕು. ಯಾವ್ದೇ ತಗೊಂಡ್ರೂ ಒಟ್ಟು ವ್ಯಾಟ್ ನೋಡಿ, 802.3ಎಎಫ್ ಅನ್ನೋ ಪಿಒಇ ಸ್ಟ್ಯಾಂಡರ್ಡ್ ಅಂದ್ರೆ ಪೋರ್ಟಿಗೆ 15.4 ವ್ಯಾಟ್ ತನಕ, 8 ಪೋರ್ಟ್ ತುಂಬಿದ್ರೆ 123 ಆಗತ್ತೆ, 60 ವ್ಯಾಟಿಂದು ತಂದ್ರೆ ಫುಲ್ ಲೋಡಿಗೆ ಸಾಲಲ್ಲ

ಮಾವ: ಸರಿ, ಆರ್ಡರ್ ತಡೀತೀನಿ. ಆದ್ರೆ ನೋಡ್ಕೊಳ್ಳೋರು ಯಾರೋ? ನಮ್ಮಲ್ಲಿ ಗೊತ್ತಿರೋರಿಲ್ಲ

ನಾನು: ಮೊದಲ ಸಲ ನಾನೇ ಬಂದು ಹಾಕ್ಕೊಡ್ತೀನಿ, ಕಾನ್ಫಿಗ್ (ಸೆಟ್ಟಿಂಗ್‌ಗಳ) ಬ್ಯಾಕಪ್ಪೂ ತೆಗೆದಿಡೋಣ. ಯಾವ ಪೋರ್ಟ್ ಯಾರ ಟೇಬಲ್ಲಿಗೆ ಅಂತ ಪಟ್ಟಿ ಬರೆಸಿ ರ‍್ಯಾಕಿಗೆ ಅಂಟಿಸಿ ಮಾವ, ಅದಿಲ್ಲದಿದ್ರೆ ನಾನ್ ಬಂದ್ರೂ ಕೇಬಲ್ ಹಿಡ್ಕೊಂಡು ಹುಡುಕೋದೇ

ಅಕ್ಕ: ಪಾಸ್‌ವರ್ಡ್ ಬದಲಾಯಿಸಿ ಅಂತ ಈಗ ಫೋನ್ ಮಾಡ್ದೆ ಕಣೋ. ಲಾಗಿನ್ ಆಗೋಕೆ ಬೇಕಾದ ಸ್ವಿಚ್ಚಿನ ಐಪಿ ಅಡ್ರೆಸ್ ಏನು ಅಂತಾನೇ ಯಾರಿಗೂ ಗೊತ್ತಿಲ್ವಂತೆ, ಹೇಗೆ ಹುಡುಕೋದು ಹೇಳು