ದಲ್ಲಾಲಿ ಅಂಗಡಿಯ ಕಂಪ್ಯೂಟರ್: ಪಾಸ್‌ವರ್ಡ್ ಅವಧಿ ಪದೇ ಪದೇ ಮುಗಿಯುತ್ತಿದೆ (ವಿಂಡೋಸ್ 11 ಹೋಂ)

ಪ್ರಶ್ನೆ (ದಾವಣಗೆರೆ)

ಎಪಿಎಂಸಿ ಪ್ರಾಂಗಣದ ದಲ್ಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಫೈಲುಗಳೆಲ್ಲ ಒಂದು ಕಂಪ್ಯೂಟರಿನಲ್ಲಿವೆ. ತೂಕದ ಚೀಟಿಗಳನ್ನು ನಮೂದಿಸುವ ಎರಡನೆಯ ಕಂಪ್ಯೂಟರ್ ‘ಲೆಕ್ಕ’ ಎಂಬ ಖಾತೆಯ ಹೆಸರಿನಲ್ಲಿ ಆ ಫೋಲ್ಡರನ್ನು ತೆರೆಯುತ್ತದೆ. ಸರ್ವಿಸ್‌ಗೆ ಬರುವವರು ಈ ಖಾತೆಯನ್ನು ಕಮಾಂಡ್ ಪ್ರಾಂಪ್ಟ್‌ನಿಂದ (ಆದೇಶಗಳನ್ನು ಬರೆಯುವ ಕಿಟಕಿಯಿಂದ) ಮಾಡಿಕೊಟ್ಟಿದ್ದರು. ಸುಮಾರು ಒಂದೂವರೆ ತಿಂಗಳಿಗೊಮ್ಮೆ ಪಾಸ್‌ವರ್ಡ್ ಅವಧಿ ಮುಗಿದಿದೆ, ಬದಲಿಸಿ ಎಂಬ ಸೂಚನೆ ಬರುತ್ತದೆ. ಇಂದು ಮೆಕ್ಕೆಜೋಳದ ಆವಕ ಜೋರಾಗಿದ್ದ ಹೊತ್ತಿನಲ್ಲೇ ಬಂದಿದ್ದರಿಂದ ಹೊಸ ಪಾಸ್‌ವರ್ಡ್ ಕೊಟ್ಟು ಮುಂದುವರಿದೆ. ಖಾತೆಗಳನ್ನು ನಿರ್ವಹಿಸುವ ‘ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್’ ಕಿಟಕಿ ತೆರೆಯಲು ಹೋದರೆ ಈ ಆವೃತ್ತಿಯಲ್ಲಿ ಅದನ್ನು ಬಳಸಲಾಗದು ಎನ್ನುತ್ತದೆ. ಬೇರೆ ದಾರಿ ಇದೆಯೇ?

ಉತ್ತರ (ಚಿತ್ರದುರ್ಗ)

ಇದೆ ಸರ್. ಮೊದಲು ಕಾರಣವನ್ನು ಖಚಿತಪಡಿಸಿಕೊಳ್ಳಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ನೆಟ್ ಯೂಸರ್’ ಎಂದು ಬರೆದು, ಜಾಗ ಬಿಟ್ಟು ಖಾತೆಯ ಹೆಸರು ಕೊಡಿ. ‘ಪಾಸ್‌ವರ್ಡ್ ಎಕ್ಸ್‌ಪೈರ್ಸ್’ ಎಂಬ ಸಾಲಿನ ಎದುರು ದಿನಾಂಕವಿದ್ದರೆ ಪಾಸ್‌ವರ್ಡಿಗೆ ಅವಧಿ ಇಟ್ಟಿರುವುದೇ ಕಾರಣ. ಅದಕ್ಕಿಂತ ಸ್ವಲ್ಪ ಮೇಲಿರುವ ‘ಅಕೌಂಟ್ ಎಕ್ಸ್‌ಪೈರ್ಸ್’ ಬೇರೆ ವಿಷಯ. ಅದು ಇಡೀ ಖಾತೆಯೇ ನಿಲ್ಲುವ ದಿನ, ಅದನ್ನು ಮುಟ್ಟಬೇಡಿ. ಸ್ಥಳೀಯ ಖಾತೆಗಳಿಗೆ (ಆ ಕಂಪ್ಯೂಟರಿನಲ್ಲೇ ಮಾಡಿದ ಖಾತೆಗಳಿಗೆ) ವಿಂಡೋಸ್ ಮೊದಲಿನಿಂದಲೇ ಇಟ್ಟಿರುವ ಗರಿಷ್ಠ ಅವಧಿ 42 ದಿನ, ನಿಮ್ಮ ಒಂದೂವರೆ ತಿಂಗಳ ಲೆಕ್ಕ ಅದೇ.

ಹೋಂ ಆವೃತ್ತಿಯಲ್ಲಿ ಆ ಕಿಟಕಿ ಇಲ್ಲದಿದ್ದರೂ ಪವರ್‌ಶೆಲ್ ಇದೆ, ಅದೂ ಆದೇಶ ಬರೆಯುವ ಕಿಟಕಿಯೇ. ಅದನ್ನೂ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆದು, ‘ಸೆಟ್-ಲೋಕಲ್‌ಯೂಸರ್’ ಆದೇಶಕ್ಕೆ ಖಾತೆಯ ಹೆಸರನ್ನು ಕೊಟ್ಟು, ‘ಪಾಸ್‌ವರ್ಡ್‌ನೆವರ್‌ಎಕ್ಸ್‌ಪೈರ್ಸ್’ ಆಯ್ಕೆಯ ಮುಂದೆ ‘ಟ್ರೂ’ ಎಂದು ಬರೆಯಿರಿ. ‘ಟ್ರೂ’ ಪದಕ್ಕೆ ಮೊದಲು ಡಾಲರ್ ಚಿಹ್ನೆ ಇರಲೇಬೇಕು, ಹೆಚ್ಚಿನವರು ಎಡವುವುದು ಅಲ್ಲಿಯೇ. ಬಳಿಕ ‘ನೆಟ್ ಯೂಸರ್’ ಮತ್ತೆ ನೋಡಿದರೆ ದಿನಾಂಕದ ಜಾಗದಲ್ಲಿ ‘ನೆವರ್’ ಎಂದಿರುತ್ತದೆ.

ಮತ್ತೊಂದು ಉತ್ತರ

ಇಷ್ಟೆಲ್ಲ ಏಕೆ? ‘ನೆಟ್ ಅಕೌಂಟ್ಸ್’ ಆದೇಶದಲ್ಲಿ ‘ಮ್ಯಾಕ್ಸ್‌ಪಿಡಬ್ಲ್ಯುಏಜ್’ (ಪಾಸ್‌ವರ್ಡಿನ ಗರಿಷ್ಠ ಅವಧಿ) ಎಂಬುದನ್ನು ‘ಅನ್‌ಲಿಮಿಟೆಡ್’ ಮಾಡಿದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಉತ್ತರ (ಚಿತ್ರದುರ್ಗ)

ಮುಗಿಯುತ್ತದೆ ನಿಜ, ಆದರೆ ಅದು ಆ ಕಂಪ್ಯೂಟರಿನ ಎಲ್ಲ ಸ್ಥಳೀಯ ಖಾತೆಗಳಿಗೂ ಅನ್ವಯಿಸುತ್ತದೆ. ಯಜಮಾನರ ಖಾತೆಯ ತೀರ್ಮಾನ ಅವರಿಗೇ ಇರಲಿ ಎಂಬ ಕಾರಣಕ್ಕೆ ಒಂದೇ ಖಾತೆಯ ದಾರಿ ಹೇಳಿದೆ. ಅವಧಿಯನ್ನು ತೆಗೆಯುವುದೇ ಅಪಾಯ ಎಂಬ ಭಯವೂ ಈಗ ಹಳೆಯದು: ನಿಯತಕಾಲಿಕವಾಗಿ ಬದಲಿಸುವಂತೆ ಒತ್ತಾಯಿಸಬಾರದೆಂದು ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿತು, ಮೈಕ್ರೋಸಾಫ್ಟ್ ಕೂಡ 2019ರಲ್ಲಿ ತನ್ನ ಭದ್ರತಾ ಶಿಫಾರಸುಗಳಿಂದ ಈ ನಿಯಮವನ್ನು ಕೈಬಿಟ್ಟಿತು. ಬದಲಿಸು ಬದಲಿಸು ಎಂದರೆ ಜನ ಕೊನೆಯ ಅಂಕಿಯೊಂದನ್ನು ಏರಿಸಿ, ಮಾನಿಟರ್ ಅಂಚಿಗೆ ಚೀಟಿ ಅಂಟಿಸುತ್ತಾರೆ. ಉದ್ದದ ಪಾಸ್‌ವರ್ಡ್ ಒಂದನ್ನಿಟ್ಟು, ಅದು ಹೊರಗೆ ಗೊತ್ತಾದಾಗ ಅಥವಾ ಕೆಲಸದವರು ಬಿಟ್ಟುಹೋದಾಗ ಬದಲಿಸಿದರೆ ಸಾಕು.

ಪ್ರಶ್ನೆ ಕೇಳಿದವರು (ದಾವಣಗೆರೆ)

ಈಗ ‘ನೆವರ್’ ಎಂದು ತೋರಿಸುತ್ತಿದೆ, ಧನ್ಯವಾದಗಳು ಸರ್. ಆದರೆ ಎರಡನೆಯ ಕಂಪ್ಯೂಟರಿನಿಂದ ಫೋಲ್ಡರ್ ತೆರೆಯುತ್ತಿಲ್ಲ. ಸ್ವಲ್ಪ ಹೊತ್ತಿನ ನಂತರ ಖಾತೆಯೇ ಲಾಕ್ ಆಗಿದೆ ಎಂಬ ಸಂದೇಶ ಬಂತು.

ಉತ್ತರ (ಚಿತ್ರದುರ್ಗ)

ಇದು ಬೆಳಿಗ್ಗೆ ಪಾಸ್‌ವರ್ಡ್ ಬದಲಾದುದರ ಪರಿಣಾಮ, ಅವಧಿಗೂ ಇದಕ್ಕೂ ಸಂಬಂಧವಿಲ್ಲ. ಎರಡನೆಯ ಕಂಪ್ಯೂಟರ್ ತನ್ನಲ್ಲಿ ಉಳಿಸಿಕೊಂಡಿರುವ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳಿಸುತ್ತಿದೆ. ಹೊಸದಾಗಿ ಸ್ಥಾಪಿಸಿದ ವಿಂಡೋಸ್ 11ರ 22ಎಚ್2 ಮತ್ತು ನಂತರದ ಆವೃತ್ತಿಗಳಲ್ಲಿ 10 ಬಾರಿ ತಪ್ಪಿದರೆ ಖಾತೆ 10 ನಿಮಿಷ ಲಾಕ್ ಆಗುತ್ತದೆ. ಎರಡನೆಯದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳಿರುವ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು, ‘ವಿಂಡೋಸ್ ಕ್ರೆಡೆನ್ಷಿಯಲ್ಸ್’ ಭಾಗದಲ್ಲಿ ಮೊದಲನೆಯ ಕಂಪ್ಯೂಟರಿನ ಹೆಸರಿನಲ್ಲಿರುವ ನಮೂದನ್ನು ಹೊಸ ಪಾಸ್‌ವರ್ಡಿಗೆ ತಿದ್ದಿ, ಲಾಕ್ ತೆರವಾದ ಮೇಲೆ ಪ್ರಯತ್ನಿಸಿ. ರಾತ್ರಿಯ ಬ್ಯಾಕಪ್ಪನ್ನು ಟಾಸ್ಕ್ ಶೆಡ್ಯೂಲರ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ತಾನೇ ನಡೆಸುವ ಸೌಲಭ್ಯದಲ್ಲಿ) ಇದೇ ಖಾತೆಯ ಪಾಸ್‌ವರ್ಡ್ ಉಳಿಸಿ ಇಟ್ಟಿದ್ದರೆ ಅದೂ ನಿಂತಿರುತ್ತದೆ. ಆ ಕೆಲಸದ ಗುಣಲಕ್ಷಣಗಳನ್ನು ತೆರೆದು ಓಕೆ ಒತ್ತಿದಾಗ ಪಾಸ್‌ವರ್ಡ್ ಕೇಳುತ್ತದೆ, ಹೊಸದನ್ನು ಕೊಟ್ಟು, ‘ರನ್’ ಒತ್ತಿ ಬ್ಯಾಕಪ್ ಫೈಲಿನ ದಿನಾಂಕ ಬದಲಾಯಿತೇ ಎಂದು ಇವತ್ತೇ ನೋಡಿಬಿಡಿ.