ಅಬಾಕಸ್ 2021ರಲ್ಲಿ (ಸಿಮ್ಯುಲೇಶನ್ ಸಾಫ್ಟ್‌ವೇರ್) ಯೂಮ್ಯಾಟ್ (ನಾವೇ ಫೋರ್ಟ್ರಾನ್‌ನಲ್ಲಿ ಬರೆಯೋ ಮೆಟೀರಿಯಲ್ ಕೋಡ್) ಲಿಂಕ್ ಆಗ್ತಿಲ್ಲ, ನಿಮಗೆ ಏನು ಮಾಡಿದ ಮೇಲೆ ಓಡ್ತು?

ಪ್ರಶ್ನೆ: ವಿಂಡೋಸ್ 10. ಮೊದಲು ಒನ್‌ಎಪಿಐ 2025 (ಇಂಟೆಲ್‌ನ ಕಂಪೈಲರ್ ಕಟ್ಟು), ಆಮೇಲೆ ವಿಶುವಲ್ ಸ್ಟುಡಿಯೊ 2022 ಹಾಕಿದ್ದೀನಿ. ಜಾಬ್ ಕೊಟ್ಟ ತಕ್ಷಣ ‘ಐಫೋರ್ಟ್’ (ಇಂಟೆಲ್‌ನ ಹಳೇ ಫೋರ್ಟ್ರಾನ್ ಕಂಪೈಲರ್) ಅನ್ನೋ ಕಮಾಂಡೇ ಇಲ್ಲ ಅಂತ ನಿಲ್ಲುತ್ತೆ. ಅನುಭವ ಇರೋರು ಹೇಳಿ.

ಲಿಂಕರ್_ಕಾಟ: ನನ್ನ ಮಷಿನ್‌ನಲ್ಲಿ ಬಂದದ್ದು ಲಿಂಕರ್ ಎರರ್ ಎಲ್‌ಎನ್‌ಕೆ1104, ‘ಲಿಬ್‌ಸಿಎಂಟಿ.ಲಿಬ್’ ಸಿಗ್ತಿಲ್ಲ ಅಂತ. ವಿಶುವಲ್ ಸ್ಟುಡಿಯೊ ಹಾಕಿದರೆ ಸಾಲದು, ಒಳಗೆ ಸಿ++ ಡೆಸ್ಕ್‌ಟಾಪ್ ವರ್ಕ್‌ಲೋಡ್ ಟಿಕ್ ಮಾಡಿರಬೇಕು. ಅದು ಏಳೆಂಟು ಜಿಬಿ ತಿನ್ನುತ್ತೆ, ಬೇರೆ ದಾರಿ ಇಲ್ಲ. ಅದು ಕೂತು ‘ಕರ್ನಲ್32.ಲಿಬ್’ ಇಲ್ಲ ಅಂದರೆ ವಿಂಡೋಸ್ ಎಸ್‌ಡಿಕೆ ಬಿಟ್ಟುಹೋಗಿದೆ. ಆಮೇಲೆ ಸಿಮುಲಿಯಾದ ಕಮಾಂಡ್ಸ್ ಫೋಲ್ಡರ್‌ನಲ್ಲಿರೋ ಎಬಿಕ್ಯೂ2021.ಬ್ಯಾಟ್ (ಅಬಾಕಸ್ ಶುರು ಮಾಡೋ ಫೈಲ್) ತೆರೆದು, ಮೇಲೇ ಒನ್‌ಎಪಿಐನ ಸೆಟ್‌ವಾರ್ಸ್.ಬ್ಯಾಟ್ ಸಾಲು ಸೇರಿಸಿ, ಅದೇ ಸಾಲಿನ ಕೊನೆಗೆ ಇಂಟೆಲ್64, ವಿಎಸ್2022. ಸಾಲಿನ ಮುಂದೆ ‘ಕಾಲ್’ ಇರಲೇಬೇಕು. ಇಲ್ಲದಿದ್ದರೆ ಸೆಟ್‌ವಾರ್ಸ್ ಮುಗಿದದ್ದೇ ಕಮಾಂಡ್ ಪ್ರಾಂಪ್ಟ್ ವಾಪಸ್, ಅಬಾಕಸ್ ಶುರುವೇ ಆಗಲ್ಲ, ಎರರ್ ಕೂಡ ಬರಲ್ಲ.

ಹಳೇ_ಫೋರ್ಟ್ರಾನ್: ಅದೆಲ್ಲ ಸರಿ, ಕೇಳಿದ್ದಕ್ಕೆ ಉತ್ತರ ಎಲ್ಲಿ? 2025ರ ಒನ್‌ಎಪಿಐನಲ್ಲಿ ಐಫೋರ್ಟ್ ಇಲ್ಲವೇ ಇಲ್ಲ, ಅದರ ಹೊಸ ಬದಲಿ ಐಎಫ್‌ಎಕ್ಸ್ ಮಾತ್ರ. ಅಬಾಕಸ್ 2021 ಕೂಗೋದು ಐಫೋರ್ಟ್‌ನ. ನಾನು 2024.2ಕ್ಕೆ ಇಳಿದೆ, ಐಫೋರ್ಟ್ ಇರೋ ಕೊನೇ ಸರಣಿ ಅದು. ವಿಶುವಲ್ ಸ್ಟುಡಿಯೊ ಮೊದಲು, ಕಂಪೈಲರ್ ಆಮೇಲೆ. ನಂತರ ‘ಅಬಾಕಸ್ ವೆರಿಫೈ -ಯೂಸರ್_ಎಸ್‌ಟಿಡಿ’ ಕೊಟ್ಟು ಪಾಸ್ ಬರೋವರೆಗೆ ಸ್ವಂತ ಕೋಡ್ ಮುಟ್ಟಬೇಡಿ.

ಎಫ್‌ಎಕ್ಸ್‌_ಭಕ್ತ: ಇಳಿಯೋದ್ಯಾಕೆ? ಅಬಾಕಸ್‌ನ ಸೆಟ್ಟಿಂಗ್ ಇರೋ ವಿನ್86_64.ಎನ್ವ್ ಫೈಲಿನಲ್ಲಿ ಐಫೋರ್ಟ್ ಇದ್ದ ಕಡೆ ಐಎಫ್‌ಎಕ್ಸ್ ಅಂತ ಬರೆದರೆ ಮುಗೀತು. ನನ್ನದು ಹಾಗೇ ಓಡ್ತಿದೆ.

ಹಳೇ_ಫೋರ್ಟ್ರಾನ್: ಓಡೋದು ಬೇರೆ, ಉತ್ತರ ಸರಿ ಬರೋದು ಬೇರೆ ಸ್ವಾಮಿ. ಒಂದೇ ಎಲಿಮೆಂಟ್‌ನ ಮಾದರಿ ಮಾಡಿ, ಎರಡೂ ಕಂಪೈಲರ್‌ನಲ್ಲಿ ಸ್ಟ್ರೆಸ್ ಹೋಲಿಸಿದ್ದೀರಾ? ಹೋಲಿಸದೆ ಬೇರೆಯವರಿಗೆ ಹೇಳಬೇಡಿ.

ಎಫ್‌ಎಕ್ಸ್‌_ಭಕ್ತ: ಹೋಲಿಸಿದ್ದೀನಿ, ಆರನೇ ದಶಮಾಂಶದವರೆಗೂ ಒಂದೇ. ವ್ಯತ್ಯಾಸ ಬಂದದ್ದು ಒಂದೇ ಸಲ, ಅದಕ್ಕೆ ಕಾರಣ ಕಂಪೈಲರ್ ಅಲ್ಲ, 72ನೇ ಕಾಲಂ. ಫಿಕ್ಸೆಡ್ ಫಾರ್ಮ್‌ನಲ್ಲಿ (ಕಾಲಂ ಲೆಕ್ಕ ಇಟ್ಟು ಬರೆಯೋ ಹಳೇ ಫೋರ್ಟ್ರಾನ್ ರೂಪ) 72 ದಾಟಿದ್ದನ್ನ ಓದೋದೇ ಇಲ್ಲ. ಸಾಲಿನ ಕೊನೇಲಿ ‘ಅಲಾಮ್10’ ಇತ್ತು, ಸೊನ್ನೆ 73ಕ್ಕೆ ಬಿದ್ದು ‘ಅಲಾಮ್1’ ಆಯ್ತು. ಯೂಮ್ಯಾಟ್ ಇನ್‌ಕ್ಲೂಡ್ ಮಾಡೋ ಅಬಾ_ಪ್ಯಾರಾಮ್ ಫೈಲಿನಲ್ಲಿ ಇಂಪ್ಲಿಸಿಟ್ ರಿಯಲ್*8 (ಡಿಕ್ಲೇರ್ ಮಾಡದ ಹೆಸರನ್ನೂ ಒಪ್ಪೋ ನಿಯಮ) ಇರೋದರಿಂದ ಕಂಪೈಲರ್ ಅದನ್ನ ಹೊಸ ವೇರಿಯಬಲ್ ಅಂದುಕೊಂಡು ತೆಪ್ಪಗಿರುತ್ತೆ. ಈ ಫಿಕ್ಸೆಡ್ ಫಾರ್ಮ್ ಹಿಡಿದು ಯಾಕೆ ನೇತಾಡ್ತೀರಿ? ಮೊದಲ ಸಾಲಿಗೆ ‘!ಡಿಐಆರ್$ ಫ್ರೀಫಾರ್ಮ್’ ಹಾಕಿ.

ಲಿಂಕರ್_ಕಾಟ: ಹಾಕಿದ್ರೆ ಹಳೇ ಕೋಡಿನಲ್ಲಿ ‘ಸಿ’ಯಿಂದ ಶುರುವಾಗೋ ಪ್ರತಿ ಕಾಮೆಂಟೂ ಎರರ್. ಆರನೇ ಕಾಲಂನ ಮುಂದುವರಿಕೆ ಗುರುತುಗಳೂ ಹೋಗಿ ಹಿಂದಿನ ಸಾಲಿನ ತುದಿಗೆ ‘&’ ಬರಬೇಕು. ಸಾವಿರ ಸಾಲಿನ ಯೂಮ್ಯಾಟ್ ಯಾರು ತಿದ್ದುತ್ತಾರೆ? ಸಾಲಿನ ಮಿತಿಯನ್ನ 132 ಕಾಲಂಗೆ ಏರಿಸೋ ‘/ಎಕ್ಸ್‌ಟೆಂಡ್-ಸೋರ್ಸ್:132’ ಒಂದು ಫ್ಲ್ಯಾಗ್ ಸಾಕು.

ಹಳೇ_ಫೋರ್ಟ್ರಾನ್: ಎರಡೂ ಬೇಡ. ಅಬಾ_ಪ್ಯಾರಾಮ್ ಇನ್‌ಕ್ಲೂಡ್ ಸಾಲು ತೆಗೆದು ‘ಇಂಪ್ಲಿಸಿಟ್ ನನ್’ (ಡಿಕ್ಲೇರ್ ಮಾಡದ ಹೆಸರು ಒಪ್ಪಬೇಡ ಅನ್ನೋ ಸಾಲು) ಬರೆದು, ಯೂಮ್ಯಾಟ್‌ನ 37 ಆರ್ಗ್ಯುಮೆಂಟನ್ನೂ ಕೈಯಾರೆ ಡಿಕ್ಲೇರ್ ಮಾಡಿ. ಆಗ ‘ಅಲಾಮ್1’ ಕಂಪೈಲ್ ಹಂತದಲ್ಲೇ ಸಿಕ್ಕಿಬೀಳುತ್ತೆ.