ಸಹಾಯ ಬೇಕು: 'ನಾಳೆ ಮಾಡಿದರಾಯ್ತು' ಅನ್ನೋದರಿಂದ ಹೊರಬರೋದು ಹೇಗೆ?

ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಕೊಳೆರೋಗ ಬಾರದಂತೆ ಮಳೆಗೆ ಮೊದಲೇ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ, ಸುಣ್ಣ ಎರಡನ್ನೂ ಮೇ ತಿಂಗಳಲ್ಲೇ ತಂದು ಕೊಟ್ಟಿಗೆ ಮೂಲೆಯಲ್ಲಿ ಇಟ್ಟಿದ್ದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ಒಂದು ಫೋನ್ ಮಾಡಬೇಕಿತ್ತು, ಅಷ್ಟೇ. ಮಳೆ ಹಿಡಿಯಿತು, ಕೊಳೆರೋಗ ಬಂತು. ಈಗ ಉದುರಿದ ಹಸಿರು ಕಾಯಿ ಹೆಕ್ಕುತ್ತಿದ್ದೇನೆ.

ಸೋಮಾರಿ ಅಂತ ಅಮ್ಮ ಬೈಯುತ್ತಾರೆ. ಸೋಮಾರಿತನ ಅಲ್ಲ ಅನ್ನಿಸುತ್ತೆ. ಕೊನೆಗಾರರು 'ಈಗ ಆಗಲ್ಲ' ಅಂದುಬಿಟ್ಟರೆ ಅನ್ನೋ ಅಳುಕಿಗೇ ಫೋನ್ ಎತ್ತುತ್ತಿರಲಿಲ್ಲ. 25 ನಿಮಿಷ ಕೆಲಸ, 5 ನಿಮಿಷ ಬಿಡುವಿನ ಪೊಮೊಡೊರೊ ವಿಧಾನ ಮನೆಯಲ್ಲಿ ಕೂತು ಲೆಕ್ಕ ಬರೆಯೋಕೆ ಸರಿಹೋಯ್ತು. ತೋಟದಲ್ಲಿ ನಡೆಯಲಿಲ್ಲ. ಜಿಗಣೆ ಟೈಮರ್ ನೋಡಿ ಕಚ್ಚುತ್ತಾ?

ಅಂತೂ ಮಳೆ ಬಿಟ್ಟಾಗ ಒಂದು ಸಲ ಬೋರ್ಡೋ ಹೊಡೆಸಿದೆ. 40-45 ದಿನಕ್ಕೆ ಇನ್ನೊಂದು ಸಲ ಆಗಬೇಕು. ತೋಟ ಇರುವವರು ಬೆಳಗಿನ ದಿನಚರಿ ಹೇಗೆ ಕಟ್ಟಿಕೊಂಡಿದ್ದೀರಿ? ಇಂಥ ಕಷ್ಟದ ಫೋನ್ ಕಾಫಿಗೆ ಮೊದಲೋ, ಆಮೇಲೋ?